ಜಾಬ್ ಕಾರ್ಡಿನಲ್ಲಿ ಇಲ್ಲದ ನೀರು

"ಕಾಲಡಿ ಥಂಡಿ ಆಗ್ತಾ ಇದ್ಯಲ್ಲೋ" ಎಂದು ಅಮ್ಮ ಹೇಳಿದಾಗ ಕಾರು ಮನೆಗೆ ಬಂದು ಇಪ್ಪತ್ತಮೂರು ದಿನ. ಎ.ಸಿ. ಗಾಳಿ ಇರಬೇಕೆಂದು ಕಡಿಮೆ ಮಾಡಿದೆ. ತೀರ್ಥಹಳ್ಳಿಯಲ್ಲಿ ಇಳಿಯುವಾಗ ನೋಡಿದರೆ ಅಮ್ಮನ ಸೀರೆಯಂಚು ಒದ್ದೆ. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ. ನೆನೆಸಿಟ್ಟ ಅವಲಕ್ಕಿ ಹಿಂಡಿದ ಹಾಗೆ ಬೆರಳ ಸಂದಿಯಲ್ಲಿ ನೀರು ಬಂತು.

ಕಾರಿನ ಬೆಲೆ ₹9.2 ಲಕ್ಷ. ತೆರಿಗೆ, ವಿಮೆ ಸೇರಿ ಹನ್ನೊಂದರ ಹತ್ತಿರ. ಅದರಲ್ಲಿ ₹8 ಲಕ್ಷ ಬ್ಯಾಂಕಿನದು: ಶೇ 9ರ ಬಡ್ಡಿ, ಐದು ವರ್ಷ, ತಿಂಗಳಿಗೆ ₹16,607. ಮೊದಲ ಕಂತಿನಲ್ಲಿ ₹6,000 ಬರೀ ಬಡ್ಡಿಗೇ ಹೋಗುತ್ತದೆ. ಸಾಲದ್ದಕ್ಕೆ ಡೆಲಿವರಿ ದಿನ ₹6,500 ಕೊಟ್ಟು ಕೋಟಿಂಗ್ ಬೇರೆ ಹಾಕಿಸಿಕೊಂಡಿದ್ದೆ. ಕಾರಿನ ಮೈಮೇಲೆ ಒಂದು ಹನಿ ನೀರು ನಿಲ್ಲುವುದಿಲ್ಲ ಎಂದಿದ್ದರು. ನಿಜ, ನಿಲ್ಲಲಿಲ್ಲ. ಒಳಗೆ ಹೋಯಿತು.

ಸರ್ವೀಸ್ ಸೆಂಟರ್ ಇರುವುದು ಶಿವಮೊಗ್ಗದಲ್ಲಿ, ಅರವತ್ತು ಕಿಲೋಮೀಟರ್. ಅಡ್ವೈಸರ್ ಹುಡುಗ ಟ್ಯಾಬ್ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗ್ಲಾಸ್ ಇಳಿಸಿಟ್ಟಿರ್ತೀರ ಸಾರ್, ಇರಚಲು ಹೊಡ್ದಿರತ್ತೆ" ಎಂದ. ಜೂನ್ ತಿಂಗಳಲ್ಲಿ ಗ್ಲಾಸ್ ಇಳಿಸಿಕೊಂಡು ಓಡಾಡುವ ಮಲೆನಾಡಿನವನನ್ನು ನಾನಂತೂ ಕಂಡಿಲ್ಲ. ಕಾರ್ಪೆಟ್ ಒಣಗಿಸಿ ಕೊಟ್ಟರು. ಎರಡನೇ ಸಲ ಎ.ಸಿ. ಡ್ರೈನ್ ಪೈಪ್ ಕಟ್ಟಿಕೊಂಡಿತ್ತು ಎಂದರು. ಇರಬಹುದು ಅನ್ನಿಸಿತು. ವಾಪಸು ಬರುವಾಗ ಮಂಡಗದ್ದೆ ತಲುಪುವಷ್ಟರಲ್ಲಿ ಮತ್ತೆ ಒದ್ದೆ. ಮೂರನೇ ಸಲ ಕಾರನ್ನು ನಾಲ್ಕು ದಿನ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆ. "ಚೆಕ್ ಮಾಡಿದ್ವಿ ಸಾರ್, ಎಲ್ಲೂ ಲೀಕ್ ಕಾಣ್ಲಿಲ್ಲ." ಹೇಗೆ ಕಾಣಬೇಕು? ನಾಲ್ಕೂ ದಿನ ಕಾರು ಶೆಡ್ಡಿನೊಳಗೆ ನಿಂತಿತ್ತು.

ಅಷ್ಟು ಹೊತ್ತಿಗೆ ಸೀಟಿನ ಕೆಳಗಿಂದ ಒದ್ದೆ ಗೋಣಿಚೀಲದ ವಾಸನೆ ಶುರುವಾಗಿತ್ತು. ಕಾರು ವಾಪಸು ಕೊಟ್ಟು ಹಣ ಕೇಳುತ್ತೇನೆ ಎಂದು ವಕೀಲ ಸ್ನೇಹಿತನ ಮನೆಗೆ ಹೋದೆ. ಅವನು ನನ್ನ ಪುರಾಣ ಅರ್ಧಕ್ಕೇ ನಿಲ್ಲಿಸಿ, "ಜಾಬ್ ಕಾರ್ಡ್ ತೋರಿಸು ಮಾರಾಯ" ಎಂದ.

ಕಾರು ಬಿಡುವಾಗ ಸರ್ವೀಸ್ ಸೆಂಟರಿನವರು ದೂರು ಬರೆದು ಸಹಿ ಹಾಕಿಸಿಕೊಳ್ಳುವ ಹಾಳೆ ಅದು. ಮೂರನ್ನೂ ಮೇಜಿನ ಮೇಲಿಟ್ಟೆ. ಮೊದಲನೆಯದರಲ್ಲಿ 'ಜನರಲ್ ಚೆಕಪ್'. ಎರಡನೆಯದರಲ್ಲಿ 'ಎ.ಸಿ. ಕ್ಲೀನಿಂಗ್'. ಮೂರನೆಯದರಲ್ಲಿ 'ವಾಷಿಂಗ್, ವ್ಯಾಕ್ಯೂಮ್'. ನೀರು ಎನ್ನುವ ಮಾತು ಒಂದರಲ್ಲೂ ಇಲ್ಲ. ಮೂರರ ಕೆಳಗೂ ನನ್ನ ಸಹಿ, ಅದೂ ಚೆನ್ನಾಗಿ ಬಾಲ ಎಳೆದು ಹಾಕಿದ್ದು. ಬ್ಯಾಂಕಿನ ಸಾಲಪತ್ರದ ಪುಟ ಪುಟ ಓದಿ ಪ್ರೊಸೆಸಿಂಗ್ ಫೀಸಿಗೆ ಜಗಳ ಆಡಿದ ನಾನು ಈ ಹಾಳೆಯನ್ನು ಕಣ್ಣೆತ್ತಿ ನೋಡಿರಲಿಲ್ಲ. ಕಾಗದದ ಪ್ರಕಾರ ನನ್ನ ಕಾರು ಮೂರು ಸಲ ಸ್ನಾನಕ್ಕೆ ಹೋಗಿ ಬಂದಿತ್ತು, ಅಷ್ಟೆ.

ದೂರು ಕೊಡುವುದೇನೂ ಕಷ್ಟವಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದ ಗಡುವಿದೆ, ₹50 ಲಕ್ಷದವರೆಗಿನದನ್ನು ಜಿಲ್ಲಾ ಆಯೋಗವೇ ನೋಡುತ್ತದೆ. ಐದರಿಂದ ಹತ್ತು ಲಕ್ಷದ ವಸ್ತುವಿಗೆ ಶುಲ್ಕ ₹200. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಆದರೆ ದೋಷ ತಯಾರಿಕೆಯದ್ದೇ ಎಂದು ತೋರಿಸುವ ಹೊರೆ ನಮ್ಮ ಮೇಲೆ. ತೋರಿಸಿದರೂ ಹೊಸ ಕಾರೇ ಸಿಗುತ್ತದೆ ಎನ್ನುವ ಹಾಗಿಲ್ಲ. 2006ರಲ್ಲಿ ಇಂಥದೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಟ್ಟ ಭಾಗ ಬದಲಿಸಿಕೊಟ್ಟರೆ ಸಾಕು, ಇಡೀ ವಾಹನ ಬದಲಿಸಬೇಕಿಲ್ಲ ಎಂದಿತ್ತು. ಮಾರಿಬಿಡೋಣ ಅಂದರೆ ಅದೂ ನಷ್ಟವೇ. ವಿಮೆಯ ಲೆಕ್ಕದಲ್ಲೇ ಮೊದಲ ಆರು ತಿಂಗಳಿಗೆ ಶೇ 5 ಸವಕಳಿ, ಆರು ದಾಟಿದರೆ ಶೇ 15.

ನಾಲ್ಕನೇ ಸಲ ಹೋದಾಗ ಕೀ ಕೊಡಲಿಲ್ಲ. "ಮುಂದಿನ ಎಡ ಸೀಟಿನ ಕಾಲಡಿ ಮಳೆನೀರು ಸೋರುತ್ತದೆ, ಇದೇ ದೂರಿಗೆ ನಾಲ್ಕನೇ ಭೇಟಿ ಅಂತ ಟೈಪ್ ಮಾಡು ತಮ್ಮಾ" ಎಂದೆ. ಹುಡುಗ ಮ್ಯಾನೇಜರ್ ಕಡೆ ನೋಡಿದ. "ಹಾಗೆ ಬರೆಯೋ ಆಪ್ಷನ್ ಇಲ್ಲ ಸಾರ್." ನಾನು ಕುರ್ಚಿ ಎಳೆದುಕೊಂಡು ಕೂತೆ. ಮುಕ್ಕಾಲು ಗಂಟೆಯ ನಂತರ ಆಪ್ಷನ್ ಸಿಕ್ಕಿತು.

ಕಾಗದದಲ್ಲಿ ನೀರು ಬಂದ ಮೇಲೆ ಕೆಲಸದ ದಾರಿಯೇ ಬೇರೆಯಾಯಿತು. ಒಳಗಿನಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಗ್ಲೋವ್ ಬಾಕ್ಸ್ ಬಿಚ್ಚಿ, ನನ್ನ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿಂದ ಗಾಜಿನ ಬುಡಕ್ಕೆ ಪೈಪಿನಲ್ಲಿ ನೀರು ಬಿಟ್ಟರು. ಆರೇಳು ನಿಮಿಷ ಏನೂ ಇಲ್ಲ. ಆಮೇಲೆ ದಪ್ಪ ವೈರಿನ ಮೇಲೆ ಒಂದು ಹನಿ ಹೊಳೆಯಿತು, ಜಾರಿತು, ಅದರ ಹಿಂದೆ ಇನ್ನೊಂದು. "ಬಂತು, ಬಂತು!" ಎಂದು ಕೂಗಿದೆ. ಯಾರಾದರೂ ನೋಡಿದ್ದರೆ ಬೋರ್‌ವೆಲ್ಲಿನಲ್ಲಿ ನೀರು ಬಿತ್ತೆಂದುಕೊಳ್ಳುತ್ತಿದ್ದರು. ವೈಪರ್ ಕೆಳಗಿನ ಪ್ಲಾಸ್ಟಿಕ್ ತೆಗೆದರೆ, ವೈರು ಒಳಗೆ ಬರುವ ತೂತಿನ ರಬ್ಬರ್ ಬಿರಡೆ ಅರ್ಧ ಮಗುಚಿ ಕೂತಿತ್ತು. ಹೊಸದು ಹಾಕಲು ಹಿಡಿದದ್ದು ಇಪ್ಪತ್ತು ನಿಮಿಷ.

ಬಿಲ್ಲು: ವಾರಂಟಿ, ₹0. ನನ್ನ ಡೈರಿಯಲ್ಲಿ ಬರೆದುಕೊಂಡದ್ದು: 480 ಕಿಲೋಮೀಟರ್ ಓಡಾಟ, ಸುಮಾರು ₹3,300 ಪೆಟ್ರೋಲ್, ನಾಲ್ಕು ದಿನ ರಜೆ, ಎರಡು ಕಂತು.

ಹೊರಡುವಾಗ ಹುಡುಗ ಕಿಟಕಿಗೆ ಬಗ್ಗಿ, "ಕಂಪನಿಯಿಂದ ಫೋನ್ ಬರತ್ತೆ ಸಾರ್, ಹತ್ತಕ್ಕೆ ಹತ್ತು ಕೊಡಿ, ಇಲ್ಲಾಂದ್ರೆ ನನ್ನ ಇನ್ಸೆಂಟಿವ್ ಕಟ್ ಆಗತ್ತೆ" ಎಂದ. ಪಾಪ ಅನ್ನಿಸಿತು. ಮೂರನೇ ದಿನ ಫೋನ್ ಬಂತು. ಪೈಪ್ ಹಿಡಿದವರಿಗೆ ಹತ್ತು ಎಂದೆ. ಆ ಹೆಣ್ಣುಮಗಳು ಹಾಗೆಲ್ಲ ಬೇರೆ ಬೇರೆ ಕೊಡಲು ಬರುವುದಿಲ್ಲ, ಒಂದೇ ಅಂಕ ಹೇಳಿ ಎಂದಳು. ನಾಲ್ಕು ಎಂದೆ, ಭೇಟಿಗೆ ಒಂದರಂತೆ.