ಜೇಬಿನ ಟೆನ್ಸ್ ಯಂತ್ರ: ವಿನ್ಯಾಸ ಶುರುವಾಗಲಿ ದುಡಿಯುವ ಜಾಗದಿಂದ

ರಾಮನಗರದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ರೇಷ್ಮೆ ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಲೇತ್‌ಗೆ ಬಾಗಿ ಬೊಂಬೆಗೆ ಅರಗು ಹಚ್ಚುವವರು, ಕನಕಪುರ, ಮಾಗಡಿಯ ರಾಗಿ ಹೊಲಗಳಲ್ಲಿ ಕಳೆ ಕೀಳುವವರು; ಇವರಲ್ಲಿ ಹಲವರಿಗೆ ಸೊಂಟ, ಹೆಗಲು, ಮುಂದೋಳಿನ ನೋವು ದುಡಿಮೆಯ ಜೊತೆಗೇ ಬರುತ್ತದೆ. ಚರ್ಮಕ್ಕೆ ಪ್ಯಾಡ್ ಅಂಟಿಸಿ ನರಗಳಿಗೆ ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಯಂತ್ರವನ್ನು ಇವರಿಗಾಗಿ ಜೇಬಿಗಿಳಿಸಬೇಕೆನ್ನುವ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಮಾಹಿತಿ.

ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ಕಡಿಮೆ ಅನ್ನಿಸುತ್ತದಲ್ಲವೇ? ಸ್ಪರ್ಶದ ನರಗಳು ಚುರುಕಾದಾಗ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ತಡೆ ಬೀಳುತ್ತದೆ ಎಂದು 1965ರಲ್ಲಿ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ವಿವರಿಸಿದರು. ಟೆನ್ಸ್‌ಗೆ ಅದೇ ಆಧಾರ. ಯಂತ್ರ ನಡೆಯುವಾಗ, ಆಮೇಲೆ ಸ್ವಲ್ಪ ಹೊತ್ತು ಕೆಲವರಿಗೆ ಆರಾಮ ಸಿಗುತ್ತದೆ. ನೋವಿನ ಮೂಲ ವಾಸಿಯಾಗುವುದಿಲ್ಲ. ಇದನ್ನು ಬಳಸುವವರಿಗೆ ಮೊದಲೇ ಹೇಳಬೇಕು.

ಮೊದಲ ಕೆಲಸ, ಸರ್ಕ್ಯೂಟ್ ಬರೆಯುವ ಮುಂಚೆ ಘಟಕಕ್ಕೆ ಹೋಗಿ ನೋಡುವುದು. ನೂಲು ಬಿಚ್ಚುವ ರೀಲರ್‌ಗಳ ಅಂಗೈ ನೀರಲ್ಲಿ ನೆನೆದು ಚರ್ಮ ಮೆತ್ತಗಾಗಿರುತ್ತದೆ. ಅಲ್ಲಿ ಪ್ಯಾಡ್ ಬೇಡ. ತಿರುಗುವ ಲೇತ್‌ನ ಬಳಿ ಜೋತಾಡುವ ವೈರ್ ಅಪಾಯ. ಹಾಗಾಗಿ ಕೆಲಸ ಮುಗಿಸಿ, ಮೈ ಒರೆಸಿಕೊಂಡು, ಕೂತು ಬಳಸುವ ಯಂತ್ರವನ್ನೇ ಮಾಡಿ. ಬೆರಳಿಗೆ ಸಿಗುವ ದೊಡ್ಡ ಗುಂಡಿಗಳು, ಕನ್ನಡ ಮತ್ತು ಉರ್ದುವಿನಲ್ಲಿ ಸೂಚನೆ ಇರಲಿ.

ಇನ್ನು ಮಿಡಿತ. ಅಗಲ 50ರಿಂದ 250 ಮೈಕ್ರೊಸೆಕೆಂಡ್, ವೇಗ ಸೆಕೆಂಡಿಗೆ 2ರಿಂದ 120ರವರೆಗೆ ಹೊಂದಿಸುವಂತಿರಲಿ. ಧನ ಮಿಡಿತದ ಹಿಂದೆಯೇ ಅಷ್ಟೇ ವಿದ್ಯುದಂಶದ ಋಣ ಮಿಡಿತ ಬರಬೇಕು. ವಿದ್ಯುತ್ ಒಂದೇ ದಿಕ್ಕಿಗೆ ಹರಿದರೆ ಚರ್ಮ ಸುಡಬಹುದು. ಮೈಕ್ರೊಕಂಟ್ರೋಲರ್ ಸಿಕ್ಕಿಕೊಂಡು ನಿಂತರೂ ಏಕಮುಖ ವಿದ್ಯುತ್ ಮೈಗೆ ಹೋಗದಂತೆ ಔಟ್‌ಪುಟ್‌ಗೆ ಸರಣಿಯಲ್ಲಿ ಕೆಪಾಸಿಟರ್ ಹಾಕಿ. ಈ ಚಿಕ್ಕ ಭಾಗವನ್ನು ಉಳಿತಾಯದ ನೆಪದಲ್ಲಿ ಬಿಡಲೇಬಾರದು.

ಪ್ಯಾಡ್ ಕೆಳಗಿನ ಕರೆಂಟಿನ ದಟ್ಟಣೆಯ ಲೆಕ್ಕ ಹೀಗೆ. 40 ಮಿಲಿ ಆಂಪಿಯರ್ ಶಿಖರ, ಎರಡೂ ದಿಕ್ಕಿಗೆ ತಲಾ 200 ಮೈಕ್ರೊಸೆಕೆಂಡ್, ಸೆಕೆಂಡಿಗೆ 100 ಮಿಡಿತ ಎಂದರೆ ಆರ್‌ಎಂಎಸ್ 8 ಮಿಲಿ ಆಂಪಿಯರ್. 5 ಸೆಂ.ಮೀ. ಚೌಕದ ಪ್ಯಾಡ್ ಪೂರ್ತಿ ಅಂಟಿದ್ದರೆ ಚದರ ಸೆಂ.ಮೀ.ಗೆ 0.32 ಮಿಲಿ ಆಂಪಿಯರ್ ಮಾತ್ರ. ಬೆವರಿಗೆ ಅಂಚು ಎದ್ದು 4 ಚದರ ಸೆಂ.ಮೀ. ಉಳಿದರೆ ಅದು 2 ಮಿಲಿ ಆಂಪಿಯರ್ ಮುಟ್ಟುತ್ತದೆ. ಇಂಥ ಯಂತ್ರಗಳ ಸುರಕ್ಷತೆಯ ಐಇಸಿ 60601-2-10 ಮಾನದಂಡ ಎಚ್ಚರಿಸುವುದು ಇದೇ ಮಟ್ಟದ ಬಗ್ಗೆ. ಪ್ಯಾಡ್ ಕಳಚಿದ್ದನ್ನು ಗುರುತಿಸಿ ಔಟ್‌ಪುಟ್ ಸೊನ್ನೆಗಿಳಿಸುವ, ಮತ್ತೆ ಸೊನ್ನೆಯಿಂದಲೇ ನಿಧಾನಕ್ಕೆ ಏರಿಸುವ ವ್ಯವಸ್ಥೆ ಬೇಕೇ ಬೇಕು. ಅರೆ ಎದ್ದ ಪ್ಯಾಡ್ ಅಷ್ಟು ಸುಲಭಕ್ಕೆ ಪತ್ತೆಯಾಗದು; ಅಂಟು ಹೋದ ಪ್ಯಾಡ್ ಬದಲಿಸಲು ಸೂಚನೆಯಲ್ಲಿ ಬರೆಯಿರಿ.

ಲಿಥಿಯಂ ಸೆಲ್ಲಿನ 3.7 ವೋಲ್ಟನ್ನು ಬೂಸ್ಟ್ ಸರ್ಕ್ಯೂಟ್‌ನಿಂದ ಏರಿಸಬೇಕಾಗುತ್ತದೆ: ಮೈಯ ತಡೆ 1,000 ಓಮ್ ಎಂದುಕೊಂಡರೆ 40 ಮಿಲಿ ಆಂಪಿಯರ್ ಹರಿಸಲು 40 ವೋಲ್ಟ್ ಬೇಕು. ಚಾರ್ಜರ್ ಚುಚ್ಚಿದಾಗ ಔಟ್‌ಪುಟ್ ಬಂದ್ ಆಗಬೇಕು. ಗರಿಷ್ಠ ಕರೆಂಟಿನ ಮಿತಿ ಪ್ರೋಗ್ರಾಮಿನಲ್ಲಷ್ಟೇ ಅಲ್ಲ, ಹಾರ್ಡ್‌ವೇರ್‌ನಲ್ಲೂ ಇರಲಿ. 30 ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಸೇರಿಸಿ.

ಪರೀಕ್ಷೆ ರೆಸಿಸ್ಟರ್ ಮೇಲೆ ನಡೆಯಲಿ, ಗೆಳೆಯನ ತೋಳಿನ ಮೇಲಲ್ಲ. 500 ಮತ್ತು 1,000 ಓಮ್ ಹಾಕಿ ಆಸಿಲೋಸ್ಕೋಪ್‌ನಲ್ಲಿ ಎರಡೂ ದಿಕ್ಕಿನ ಮಿಡಿತ ಸಮನಾಗಿದೆಯೇ ನೋಡಿ. ಬೇಕೆಂದೇ ವೈರ್ ಕಿತ್ತು, ಪ್ರೋಗ್ರಾಂ ನಿಲ್ಲಿಸಿ, ಔಟ್‌ಪುಟ್ ನಿಲ್ಲುತ್ತದೆಯೇ ನೋಡಿ. ಮನುಷ್ಯರ ಮೇಲಿನ ಅಧ್ಯಯನಕ್ಕೆ ವೈದ್ಯರ ಜೊತೆಯೂ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ತಯಾರಿಸಿ ಮಾರುವುದಾದರೆ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಪರವಾನಗಿ ಪಡೆಯಬೇಕು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇಷ್ಟು ಅಚ್ಚಾಗಿರಲಿ: ಪೇಸ್‌ಮೇಕರ್ ಇರುವವರು ಬಳಸಬಾರದು, ಗರ್ಭಿಣಿಯರು, ಮೂರ್ಛೆರೋಗದವರು ವೈದ್ಯರನ್ನು ಕೇಳದೆ ಬಳಸಬಾರದು. ಕತ್ತಿನ ಮುಂಭಾಗ, ಎದೆ, ಗಾಯ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ಪ್ಯಾಡ್ ಹಾಕಬಾರದು. ಎದೆನೋವು, ಕಾಲಿನ ಬಲ ಕುಗ್ಗುವುದು ಕಂಡರೆ ಯಂತ್ರ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.