ಕಲನಶಾಸ್ತ್ರದ ಎರಡನೆಯ ಪಾಠ: ಯಾವುದನ್ನು ಆರಿಸಬೇಕು?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಿ. ಸಿ. ಜಾಬಿನ್ ವಿಜ್ಞಾನ ಮಹಾವಿದ್ಯಾಲಯವಿದೆ, 1947ರಲ್ಲಿ ಬಿ. ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಾಗಿ ಆರಂಭಗೊಂಡು 2015ರಲ್ಲಿ ಕೆ. ಎಲ್. ಇ. ತಾಂತ್ರಿಕ ವಿಶ್ವವಿದ್ಯಾಲಯವಾದ ಸಂಸ್ಥೆಯೂ ಇದೆ. ಪಿ. ಯು. ಪರೀಕ್ಷೆ ಮುಗಿಸಿದ ವಿದ್ಯಾರ್ಥಿ ಇಂಥ ಯಾವ ಬಾಗಿಲನ್ನು ಹೊಕ್ಕರೂ ಕಲನಶಾಸ್ತ್ರ ಅವನಿಗೆ ತಪ್ಪಿದ್ದಲ್ಲ. ಆದರೆ ಇಂಜಿನಿಯರನಿಗೆ ಕಲಿಸುವ ಕಲನವು ಬಹುಮಟ್ಟಿಗೆ ಅನ್ವಯದ ಕಡೆಗೆ ಒಲಿಯುತ್ತದೆ, ಗಣಿತವನ್ನೇ ಮುಖ್ಯ ವಿಷಯವಾಗಿ ಓದುವವನಿಗೆ ಕಲಿಸುವುದು ಸಾಧನೆಯ ಕಡೆಗೆ. ಒಂದೇ ವಿಶ್ವವಿದ್ಯಾಲಯದಲ್ಲಿ ಎರಡು ಬಗೆಯ ಪಾಠಗಳಿದ್ದು ಆಯ್ಕೆಯನ್ನು ವಿದ್ಯಾರ್ಥಿಗೇ ಬಿಡುವುದೂ ಉಂಟು. ಮೊದಲ ಸೆಮಿಸ್ಟರಿನಲ್ಲಿ ಈ ಭೇದ ಅಷ್ಟಾಗಿ ಕಾಣದು; ಅನುಕಲನವೂ ಅನಂತ ಶ್ರೇಢಿಗಳೂ ಬರುವ ಎರಡನೆಯದರಲ್ಲಿ ಅದು ಸ್ಪಷ್ಟವಾಗುವುದು.

ಅನ್ವಯದ ಒಂದು ಲೆಕ್ಕವನ್ನು ನೋಡೋಣ. 2 ಮೀಟರ್ ತ್ರಿಜ್ಯದ ಅರ್ಧಗೋಲಾಕಾರದ ತೊಟ್ಟಿಯಲ್ಲಿ ನೀರು ತುಂಬಿದೆ. ಅದನ್ನೆಲ್ಲ ಅಂಚಿಗೆ ಎತ್ತಿ ಹೊರಹಾಕಲು ಎಷ್ಟು ಕೆಲಸ ಬೇಕು? ಮೇಲಿನ ನೀರನ್ನು ಸ್ವಲ್ಪವೇ ಎತ್ತಿದರೆ ಸಾಕು, ತಳದ್ದನ್ನು ಪೂರಾ 2 ಮೀಟರ್ ಎತ್ತಬೇಕು. ಆದ್ದರಿಂದ ಬರಿಯ ಗುಣಾಕಾರ ಸಾಲದು. y ಮೀಟರ್ ಆಳದಲ್ಲಿರುವ ತೆಳು ಪದರದ ವಿಸ್ತೀರ್ಣ π(4−y²) ಚದರ ಮೀಟರ್. ಅದು ಏರಬೇಕಾದ ಎತ್ತರ y. ಇವೆರಡರ ಗುಣಲಬ್ಧವನ್ನು 0ಯಿಂದ 2ರವರೆಗೆ ಅನುಕಲಿಸಿದರೆ 4π ದೊರೆಯುವುದು. ಅದನ್ನು ನೀರಿನ ಸಾಂದ್ರತೆ 1000ದಿಂದಲೂ ಗುರುತ್ವದ 9.8ರಿಂದಲೂ ಗುಣಿಸಿದರೆ ಸುಮಾರು 1,23,150 ಜೂಲ್.

ಇಷ್ಟು ಬಂದರೆ ಸಾಲದೇ, ಸಾಧನೆಗಳ ತಲೆನೋವೇಕೆ ಎನ್ನುವವರು 1/x² ಎಂಬ ಉತ್ಪನ್ನವನ್ನು −1ರಿಂದ 1ರವರೆಗೆ ಅನುಕಲಿಸಿ ನೋಡಲಿ. ಕಣ್ಣುಮುಚ್ಚಿ ಸೂತ್ರ ಹಚ್ಚಿದರೆ ಉತ್ತರ −2. ವಕ್ರರೇಖೆಯೇನೋ ಎಲ್ಲೆಡೆ ಅಕ್ಷದ ಮೇಲೆಯೇ ಇದೆ, ಅದರ ಕೆಳಗಿನ ಕ್ಷೇತ್ರಫಲ ಮಾತ್ರ ಋಣ! ಸೂತ್ರ ಕೆಟ್ಟದ್ದಲ್ಲ. ಉತ್ಪನ್ನವು ಆ ಅಂತರದಲ್ಲೆಲ್ಲ ಅವಿಚ್ಛಿನ್ನವಾಗಿರಬೇಕೆಂಬ ನಿಬಂಧನೆ ಪ್ರಮೇಯದಲ್ಲಿದೆ. X ಸೊನ್ನೆಯಾದಲ್ಲಿ ಈ ಉತ್ಪನ್ನಕ್ಕೆ ಬೆಲೆಯೇ ಇಲ್ಲ. ಸಾಧನೆಯನ್ನು ಒಮ್ಮೆ ಓದಿದವನಿಗೆ ಈ ನಿಬಂಧನೆ ಏಕೆಂಬುದು ನೆನಪಿರುತ್ತದೆ.

ಶ್ರೇಢಿಗಳಲ್ಲಿ ಅಪಾಯ ಇನ್ನೂ ಹೆಚ್ಚು. 1 + 1/2 + 1/3 + 1/4... ಎಂದು ಕೂಡಿಸುತ್ತ ಹೋದರೆ ಮೊತ್ತ 10ನ್ನು ದಾಟಲು 12,367 ಪದಗಳು ಬೇಕು. 20ನ್ನು ದಾಟಲು 27 ಕೋಟಿಗೂ ಮಿಕ್ಕಿ. ಗಣಕಯಂತ್ರವನ್ನು ನಂಬಿದವನು ಮೊತ್ತ ಎಲ್ಲಿಯೋ ನಿಲ್ಲುವುದೆಂದೇ ತಿಳಿದಾನು. 14ನೆಯ ಶತಮಾನದಲ್ಲಿ ಫ್ರಾನ್ಸಿನ ಒರೆಮ್ ಪದಗಳನ್ನು ಗುಂಪುಗೂಡಿಸಿದನು: 1/3 ಮತ್ತು 1/4 ಕೂಡಿ ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಕೂಡಿ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ಎಂಟೂ ಹಾಗೆಯೇ. ಅರ್ಧಗಳಿಗೆ ಕೊನೆಯಿಲ್ಲದ ಮೇಲೆ ಮೊತ್ತಕ್ಕೂ ಮೇರೆಯಿಲ್ಲ. ಎರಡು ಸಾಲಿನ ಈ ತರ್ಕ ಮಾಡಿದ್ದನ್ನು ಎಷ್ಟು ಕೂಡಿಸಿದರೂ ಯಂತ್ರ ಮಾಡಲಾರದು.

ಹಾಗೆಂದು ಎಲ್ಲರೂ ಶುದ್ಧ ತತ್ತ್ವದ ಪಾಠವನ್ನೇ ಹಿಡಿಯಬೇಕೆಂದು ನಾವು ಹೇಳೆವು. ಸೇತುವೆ ಕಟ್ಟಲು ಹೊರಟವನಿಗೆ ಲೆಕ್ಕಗಳ ರೂಢಿ ಬೇಕೇ ಬೇಕು. ಎರಡೂ ಬೆರೆತ ಪಾಠ ಸಿಕ್ಕರೆ, ಸ್ವಲ್ಪ ಕಷ್ಟವೆನಿಸಿದರೂ, ಅದೇ ಮೇಲೆಂದು ನಮ್ಮ ಎಣಿಕೆ, ಮುಂದೆ ಎಂ. ಎಸ್ಸಿ. ಗಣಿತ ಓದುವ ಆಸೆಯುಳ್ಳವನು ಮಾತ್ರ ಸಾಧನೆಗಳಿಂದ ಈಗಲೇ ನುಣುಚಿಕೊಳ್ಳಬಾರದು. ಪಾಠದ ಹೆಸರಿನಿಂದ ಏನೂ ತಿಳಿಯದು. ಹಿಂದಿನ ಎರಡು ವರ್ಷಗಳ ಪ್ರಶ್ನಪತ್ರಿಕೆಗಳನ್ನು ತರಿಸಿ, ‘ಸಾಧಿಸಿರಿ’ ಎಂಬ ಪ್ರಶ್ನೆಗಳೆಷ್ಟು, ‘ಕಂಡುಹಿಡಿಯಿರಿ’ ಎಂಬವೆಷ್ಟು ಎಂದು ಎಣಿಸಿ ನೋಡಬೇಕು.