ಉಪಾಧ್ಯಾಯ ಅರ್ಹತಾ ಪರೀಕ್ಷೆ: ನಿಯಮಭಂಗವೂ ನ್ಯಾಯವಿಚಾರವೂ

ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕನಾಗಿ ನಿಂತು ಮಕ್ಕಳ ಶಿಸ್ತನ್ನು ಕಾಯುವ ಉಪಾಧ್ಯಾಯನು ತಾನೇ ಪರೀಕ್ಷಾರ್ಥಿಯಾಗಿ ಕುಳಿತುಕೊಳ್ಳಬೇಕಾದ ಕಾಲವಿದು. ಅವನ ಕೈಯಲ್ಲಿ ನಾಳಿನ ಮಕ್ಕಳಿರುವುದರಿಂದ ಅವನ ಪರೀಕ್ಷೆಯು ಅವನೊಬ್ಬನ ಪರೀಕ್ಷೆಯಾಗಿ ಉಳಿಯುವುದಿಲ್ಲ. ಅದರಲ್ಲಿ ನಿಯಮಭಂಗವಾದರೆ ಅನರ್ಹನು ತರಗತಿಯನ್ನು ಸೇರುತ್ತಾನೆ. ನಿಯಮಭಂಗದ ಆರೋಪ ಸುಳ್ಳಾದರೆ ಅರ್ಹನು ತರಗತಿಯಿಂದ ಹೊರಗುಳಿಯುತ್ತಾನೆ. ಈ ಎರಡು ಅನ್ಯಾಯಗಳ ನಡುವೆ ದಾರಿ ಹುಡುಕುವ ಕಾರ್ಯವು ಪರೀಕ್ಷಾ ಮಂಡಳಿಗಳಿಗೂ ನ್ಯಾಯಾಲಯಗಳಿಗೂ ಒದಗಿದೆ. ಶಾಲೆಗಳ ಆಡಳಿತವೂ ಉಪಾಧ್ಯಾಯವರ್ಗವೂ ಆ ದಾರಿಯನ್ನು ತಿಳಿದಿರುವುದು ಅವಶ್ಯ.

ಪರೀಕ್ಷೆಯ ಹಿನ್ನೆಲೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮವು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 23ನೆಯ ಪ್ರಕರಣದ ಮೇರೆಗೆ ಉಪಾಧ್ಯಾಯರ ಕನಿಷ್ಠ ಅರ್ಹತೆಯನ್ನು ಗೊತ್ತುಪಡಿಸುವ ಅಧಿಕಾರವು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿಗೆ ದೊರೆಯಿತು. ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸುವವರಿಗೆ ಅರ್ಹತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಒಂದರಿಂದ ಐದರವರೆಗಿನ ತರಗತಿಗಳಿಗೆ ಮೊದಲನೆಯ ಪತ್ರಿಕೆ, ಆರರಿಂದ ಎಂಟರವರೆಗಿನ ತರಗತಿಗಳಿಗೆ ಎರಡನೆಯದು. ಪ್ರತಿ ಪತ್ರಿಕೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳು. ಪ್ರಶ್ನೆಗೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯವಾಗಿ ಶೇಕಡಾ 60 ಅಂಕ ಪಡೆದವರು ಉತ್ತೀರ್ಣರು. ಹಿಂದುಳಿದ ವರ್ಗಗಳಿಗೆ ರಿಯಾಯಿತಿ ನೀಡಲು ಅವಕಾಶವುಂಟು.

ಈ ಪರೀಕ್ಷೆಯು ಅರ್ಹತೆಯನ್ನು ಪ್ರಮಾಣೀಕರಿಸುತ್ತದೆಯೇ ಹೊರತು ನೌಕರಿಯ ಹಕ್ಕನ್ನು ಕೊಡುವುದಿಲ್ಲ. ಆದರೂ ಕೆಲವು ರಾಜ್ಯಗಳು ಇದರ ಅಂಕಗಳನ್ನೇ ನೇಮಕಾತಿಗೆ ಆಧಾರ ಮಾಡಿಕೊಂಡವು. ಅರ್ಹತೆಯ ಗೆರೆಯನ್ನು ದಾಟಿದರೆ ಸಾಕೆಂಬ ಸ್ಥಿತಿಯಲ್ಲಿ ಒಂದೊಂದು ಅಂಕಕ್ಕಾಗಿ ಅಕ್ರಮಕ್ಕಿಳಿಯುವ ಆಸೆ ಅಷ್ಟಾಗಿ ಇರುವುದಿಲ್ಲ. ಅಂಕವೇ ನೌಕರಿಯೆಂದಾದೊಡನೆ ಆ ಆಸೆಯು ಬೆಳೆಯುತ್ತದೆ. ಮೊದಲು ಪ್ರಮಾಣಪತ್ರಕ್ಕೆ ಏಳು ವರ್ಷಗಳ ಮಾನ್ಯತೆಯಿತ್ತು. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು 2011ರಿಂದ ಪೂರ್ವಾನ್ವಯವಾಗುವಂತೆ ಅದನ್ನು ಆಜೀವ ಮಾನ್ಯವೆಂದು ಘೋಷಿಸಿತು. ಇದರಿಂದ ಸಹಸ್ರಾರು ಅಭ್ಯರ್ಥಿಗಳಿಗೆ ಉಪಕಾರವಾಯಿತು. ಆದರೆ ಅಕ್ರಮದಿಂದ ಪಡೆದ ಪತ್ರವು ಪತ್ತೆಯಾಗದಿದ್ದರೆ ಅದೂ ಆಜೀವ ಮಾನ್ಯವೇ ಆಗುವುದರಿಂದ ಪರೀಕ್ಷೆಯ ದಿನದ ಎಚ್ಚರವು ಮೊದಲಿಗಿಂತ ಹೆಚ್ಚು ಅಗತ್ಯವಾಗಿದೆ.

ವ್ಯಕ್ತಿಗತ ನಿಯಮಭಂಗ

ನಿಯಮಭಂಗಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ವ್ಯಕ್ತಿಯೊಬ್ಬನದು, ಒಂದು ಕೇಂದ್ರದ್ದು, ಇಡೀ ವ್ಯವಸ್ಥೆಯದು. ಒಂದೊಂದಕ್ಕೂ ಸಾಕ್ಷ್ಯದ ಸ್ವರೂಪ ಬೇರೆ, ಪರಿಹಾರವೂ ಬೇರೆ. ಇವುಗಳನ್ನು ಬೆರೆಸಿದಾಗಲೇ ವಿವಾದಗಳು ಹುಟ್ಟುತ್ತವೆ.

ನಕಲು ಚೀಟಿ, ಮೊಬೈಲ್ ಫೋನು, ಬೇರೊಬ್ಬನನ್ನು ತನ್ನ ಹೆಸರಿನಲ್ಲಿ ಕೂರಿಸುವುದು ಇವು ಮೊದಲನೆಯ ಬಗೆಯವು. ಇಲ್ಲಿ ಆರೋಪಿ ಒಬ್ಬನೇ ಆದುದರಿಂದ ಅವನ ಮಾತನ್ನು ಕೇಳುವುದು ಮೊದಲ ಧರ್ಮ. ಉತ್ತರ ಪ್ರದೇಶದ ಇಂಟರ್‌ಮೀಡಿಯೆಟ್ ಮಂಡಳಿಯು 1954ರ ಪರೀಕ್ಷೆಯಲ್ಲಿ ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ರದ್ದುಮಾಡಿ, ಮರುವರ್ಷದ ಪರೀಕ್ಷೆಗೂ ಕೂಡದಂತೆ ನಿರ್ಬಂಧಿಸಿತು. ಅವರಿಗೆ ನೋಟೀಸನ್ನು ಕೊಟ್ಟಿರಲಿಲ್ಲ. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣವನ್ನು ತೀರ್ಮಾನಿಸಿ, ಇಂಥ ದಂಡನೆಯನ್ನು ವಿಧಿಸುವಾಗ ಪರೀಕ್ಷಾ ಸಮಿತಿಯು ನ್ಯಾಯಿಕ ಸ್ವರೂಪದ ಕರ್ತವ್ಯವನ್ನು ನಿರ್ವಹಿಸುತ್ತದೆಂದೂ, ಆರೋಪವನ್ನು ತಿಳಿಸಿ ಸಮಜಾಯಿಷಿಗೆ ಅವಕಾಶ ಕೊಡಲೇಬೇಕೆಂದೂ ಹೇಳಿತು. ಪರೀಕ್ಷಾ ವಿವಾದಗಳಲ್ಲಿ ಇಂದಿಗೂ ಇದೇ ಮೂಲಸೂತ್ರ.

ಹಾಗೆಂದು ನಕಲು ಮಾಡಿದುದನ್ನು ಕಣ್ಣಾರೆ ಕಂಡವರೇ ಬೇಕೆಂದಿಲ್ಲ. ಅದೇ ಮಂಡಳಿಯ ಮತ್ತೊಂದು ಪ್ರಕರಣದಲ್ಲಿ ಅಕ್ಕಪಕ್ಕದ ಕ್ರಮಸಂಖ್ಯೆಯ ಇಬ್ಬರು ಅಭ್ಯರ್ಥಿಗಳ ಉತ್ತರಗಳಲ್ಲಿ ಒಂದೇ ಬಗೆಯ ತಪ್ಪುಗಳಿದ್ದವು. ಸನ್ನಿವೇಶದ ಸಾಕ್ಷ್ಯದಿಂದಲೂ ನಿರ್ಣಯಕ್ಕೆ ಬರಬಹುದೆಂದು ನ್ಯಾಯಾಲಯವು ಒಪ್ಪಿತು. ಬಹು ಆಯ್ಕೆಯ ಪರೀಕ್ಷೆಗೂ ಇದು ಅನ್ವಯಿಸುತ್ತದೆ. ಇಬ್ಬರ ಸರಿಯುತ್ತರಗಳು ಒಂದೇ ಆಗಿದ್ದರೆ ಅದು ಏನನ್ನೂ ಸಾಧಿಸದು, ಚೆನ್ನಾಗಿ ಓದಿದವರೆಲ್ಲರ ಸರಿಯುತ್ತರ ಒಂದೇ. ತಪ್ಪುಗಳು ಮಾತ್ರ ದೀರ್ಘವಾಗಿ ಒಂದೇ ಕ್ರಮದಲ್ಲಿ ಹೊಂದಿಕೊಂಡರೆ ಶಂಕೆಗೆ ಆಧಾರ ದೊರೆಯುತ್ತದೆ.

ಕೇಂದ್ರದ ನಿಯಮಭಂಗ

ಬಿಹಾರದಲ್ಲಿ 1969ರ ಮಾಧ್ಯಮಿಕ ಪರೀಕ್ಷೆಯಲ್ಲಿ ಒಂದು ಕೇಂದ್ರದಲ್ಲಿ ಸಾಮೂಹಿಕ ನಕಲು ನಡೆದಿದೆಯೆಂಬ ಕಾರಣದಿಂದ ಮಂಡಳಿಯು ಆ ಕೇಂದ್ರದ ಪರೀಕ್ಷೆಯನ್ನೇ ರದ್ದುಪಡಿಸಿತು. ತಮ್ಮನ್ನು ಕೇಳಲಿಲ್ಲವೆಂದು ವಿದ್ಯಾರ್ಥಿಗಳು ನ್ಯಾಯಾಲಯವನ್ನು ಸೇರಿದರು. 1970ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಂಡಳಿಯ ಪರವಾಗಿ ತೀರ್ಪಿತ್ತಿತು. ಯಾರೊಬ್ಬರ ಮೇಲೂ ವ್ಯಕ್ತಿಗತ ದೋಷಾರೋಪವಿಲ್ಲ, ಪರೀಕ್ಷೆಯೇ ಕಲುಷಿತವಾಗಿದೆ ಎಂಬಲ್ಲಿ ಪ್ರತಿಯೊಬ್ಬನನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕಾದ ಅಗತ್ಯವಿಲ್ಲವೆಂಬುದು ಅದರ ತಾತ್ಪರ್ಯ. ಆ ಅಭ್ಯರ್ಥಿಗಳಿಗೆ ಪೂರಕ ಪರೀಕ್ಷೆಗೆ ಕೂಡುವ ಅವಕಾಶವಿತ್ತೆಂಬುದನ್ನು ಮರೆಯಬಾರದು.

ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದಾಗ ವಿರೋಧ ಕಾಣುವುದಿಲ್ಲ. ಒಬ್ಬನಿಗೆ ಕಳಂಕ ಹಚ್ಚುವಾಗ ಅವನನ್ನು ಕೇಳಬೇಕು; ಪರೀಕ್ಷೆಯನ್ನು ಮತ್ತೆ ನಡೆಸುವಾಗ ಯಾರಿಗೂ ಕಳಂಕ ಹಚ್ಚಬಾರದು.

ವ್ಯವಸ್ಥೆಯೇ ಕೆಟ್ಟಾಗ

ಮೂರನೆಯದು ಎಲ್ಲಕ್ಕಿಂತ ಕಠಿನ. ರಾಜಸ್ಥಾನದಲ್ಲಿ 2021ರ ಸೆಪ್ಟೆಂಬರ್ 26ರಂದು ಲಕ್ಷಾಂತರ ಅಭ್ಯರ್ಥಿಗಳು ಉಪಾಧ್ಯಾಯ ಅರ್ಹತಾ ಪರೀಕ್ಷೆಯನ್ನು ಬರೆದರು. ಪ್ರಶ್ನಪತ್ರಿಕೆ ಮೊದಲೇ ಬಯಲಾಗಿದ್ದುದು ತನಿಖೆಯಿಂದ ತಿಳಿದು, 2022ರ ಫೆಬ್ರವರಿಯಲ್ಲಿ ಎರಡನೆಯ ಹಂತದ ಪರೀಕ್ಷೆ ರದ್ದಾಯಿತು. ಅನಂತರ ಆ ರಾಜ್ಯವು ಅರ್ಹತಾ ಪರೀಕ್ಷೆಯನ್ನೂ ನೇಮಕಾತಿ ಪರೀಕ್ಷೆಯನ್ನೂ ಬೇರ್ಪಡಿಸಿತು. ಉತ್ತರ ಪ್ರದೇಶದಲ್ಲಿ 2021ರ ನವೆಂಬರ್ 28ರ ಪರೀಕ್ಷೆಯು ಇದೇ ಕಾರಣದಿಂದ ಅದೇ ದಿನ ರದ್ದಾಗಿ, 2022ರ ಜನವರಿ 23ರಂದು ಮತ್ತೆ ನಡೆಯಿತು. ಮಹಾರಾಷ್ಟ್ರದಲ್ಲಿ ಪತ್ರಿಕೆ ಬಯಲಾದುದಲ್ಲ, ಅಂಕಗಳನ್ನೇ ತಿದ್ದಲಾಗಿತ್ತು. 2019-20ನೆಯ ಸಾಲಿನ ಅರ್ಹತಾ ಪರೀಕ್ಷೆಯ ತನಿಖೆಯ ಫಲವಾಗಿ 2022ರ ಆಗಸ್ಟ್‌ನಲ್ಲಿ ಅಲ್ಲಿನ ಪರೀಕ್ಷಾ ಪರಿಷತ್ತು ಏಳು ಸಾವಿರಕ್ಕೂ ಮೇಲ್ಪಟ್ಟ ಅಭ್ಯರ್ಥಿಗಳನ್ನು ನಿರ್ಬಂಧಿಸಿತು.

ಪತ್ರಿಕೆ ಬಯಲಾದಾಗ ಅದು ಯಾರ ಕೈಗೆ ತಲುಪಿತೆಂದು ಗುರುತಿಸುವುದು ಕಷ್ಟ. ಅಂಕಗಳನ್ನು ತಿದ್ದಿದಾಗ ಮೂಲ ದಾಖಲೆಯೊಡನೆ ಹೋಲಿಸಿ ದೋಷಿಗಳನ್ನು ಬೇರ್ಪಡಿಸಬಹುದು. ಮೂಲ ದಾಖಲೆಯೇ ಇಲ್ಲದಿದ್ದರೆ? ಪಶ್ಚಿಮ ಬಂಗಾಳದ 2016ರ ಶಾಲಾ ನೇಮಕಾತಿ ಪ್ರಕರಣವು ಈ ಪ್ರಶ್ನೆಯನ್ನು ಮುಂದಿಟ್ಟಿತು. ಮೂಲ ಓ.ಎಂ.ಆರ್. ಉತ್ತರ ಹಾಳೆಗಳು ಉಳಿದಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಕಲ್ಕತ್ತ ಉಚ್ಚ ನ್ಯಾಯಾಲಯವೂ 2025ರ ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯವೂ ಇಡೀ ಆಯ್ಕೆಯನ್ನು ಅನೂರ್ಜಿತವೆಂದು ಸಾರಿದವು. ಉಪಾಧ್ಯಾಯರೂ ಇತರ ಸಿಬ್ಬಂದಿಯೂ ಸೇರಿ 25 ಸಾವಿರಕ್ಕೂ ಹೆಚ್ಚು ಮಂದಿ ನೌಕರಿಯನ್ನು ಕಳೆದುಕೊಂಡರು. ದೋಷವು ಸಿದ್ಧವಾದವರು ಪಡೆದ ವೇತನವನ್ನು ಹಿಂದಿರುಗಿಸಬೇಕೆಂದೂ, ದೋಷ ಕಾಣದವರು ಹಿಂದಿರುಗಿಸಬೇಕಾಗಿಲ್ಲವೆಂದೂ ನ್ಯಾಯಾಲಯವು ಹೇಳಿತು. ಅದೇ ತಿಂಗಳ 17ರಂದು, ಮಕ್ಕಳ ವ್ಯಾಸಂಗ ಕೆಡಬಾರದೆಂಬ ದೃಷ್ಟಿಯಿಂದ, ದೋಷ ಕಾಣದ ಉಪಾಧ್ಯಾಯರು 2025ರ ಡಿಸೆಂಬರ್ 31ರವರೆಗೆ ಬೋಧಿಸಲು ಅನುಮತಿ ನೀಡಿ, ಹೊಸ ಆಯ್ಕೆಯನ್ನು ಪೂರೈಸಲು ಆದೇಶಿಸಿತು.

ಇದಕ್ಕೂ ಮೊದಲು, 2006ರಲ್ಲಿ, ಪಂಜಾಬಿನ ಲೋಕಸೇವಾ ಆಯೋಗದ ನೇಮಕಾತಿಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಕಳಂಕಿತರನ್ನು ನಿಷ್ಕಳಂಕರಿಂದ ಬೇರ್ಪಡಿಸಲು ಸಾಧ್ಯವಿದ್ದರೆ ಬೇರ್ಪಡಿಸಬೇಕೆಂದು ಹೇಳಿತ್ತು. ಅದರಂತೆ ಸಗಟು ರದ್ದತಿಯು ಕೊನೆಯ ಮಾರ್ಗ. ಬಂಗಾಳದಲ್ಲಿ ಆ ಕೊನೆಯ ಮಾರ್ಗವೊಂದೇ ಉಳಿದುದಕ್ಕೆ ದಾಖಲೆಗಳ ನಾಶವು ಮುಖ್ಯ ಕಾರಣ. ವರ್ಷಗಟ್ಟಲೆ ಪ್ರಾಮಾಣಿಕವಾಗಿ ಪಾಠ ಹೇಳಿದ ಉಪಾಧ್ಯಾಯನು ತನ್ನ ಪ್ರಾಮಾಣಿಕತೆಯನ್ನು ಸಾಧಿಸಲು ಆಧಾರವಿಲ್ಲದೆ ನಿಲ್ಲಬೇಕಾಯಿತು. ಉತ್ತರ ಹಾಳೆಯನ್ನು ಕಾಪಾಡುವುದು ಕಛೇರಿಯ ಒಂದು ಸಣ್ಣ ಕೆಲಸವೆಂದು ತೋರಬಹುದು. ನಿರಪರಾಧಿಗೆ ಅದೇ ಏಕೈಕ ಸಾಕ್ಷಿ.

ಪರೀಕ್ಷಾ ಪ್ರಾಧಿಕಾರದ ದೋಷ

ನಿಯಮಭಂಗವು ಯಾವಾಗಲೂ ಅಭ್ಯರ್ಥಿಯದೇ ಆಗಿರುವುದಿಲ್ಲ. ತಪ್ಪು ಪ್ರಶ್ನೆ, ತಪ್ಪು ಕೀ ಉತ್ತರ ಇವು ಪ್ರಾಧಿಕಾರದ ಲೋಪಗಳು. ಶೇಕಡಾ 60 ಅಂಕಗಳ ಗೆರೆಯ ಬಳಿ ನಿಂತವನಿಗೆ ಒಂದೇ ಪ್ರಶ್ನೆಯು ಭವಿಷ್ಯವನ್ನು ನಿರ್ಣಯಿಸಬಲ್ಲದು. ಉತ್ತರ ಪ್ರದೇಶದ ಪದವೀಧರ ಉಪಾಧ್ಯಾಯರ 2009ರ ಪರೀಕ್ಷೆಯನ್ನು ಕುರಿತ ವ್ಯಾಜ್ಯವು 2017ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯಿತು. ಕೀ ಉತ್ತರವು ಸರಿಯೆಂದೇ ಭಾವಿಸಬೇಕು, ಶಂಕೆಯ ಲಾಭವು ಪ್ರಾಧಿಕಾರಕ್ಕೆ ಸಲ್ಲಬೇಕು, ನ್ಯಾಯಾಧೀಶರು ತಾವೇ ಮೌಲ್ಯಮಾಪಕರಾಗಬಾರದು ಎಂದು ನ್ಯಾಯಾಲಯವು ವಿಧಿಸಿತು. ಎಂಟು ವರ್ಷಗಳ ಅನಿಶ್ಚಯತೆಯು ಉತ್ತೀರ್ಣರಿಗೂ ಅನುತ್ತೀರ್ಣರಿಗೂ ಹಾನಿಯೆಂಬ ವಿಷಾದವೂ ಈ ನಿಲುವಿನ ಹಿಂದಿದೆ. ಆದಕಾರಣ ತಾತ್ಕಾಲಿಕ ಕೀ ಉತ್ತರಗಳು ಪ್ರಕಟವಾದಾಗ ಗೊತ್ತಾದ ದಿನಗಳೊಳಗೆ ಆಧಾರಸಹಿತ ಆಕ್ಷೇಪಣೆ ಸಲ್ಲಿಸುವುದೇ ಅಭ್ಯರ್ಥಿಗೆ ಶ್ರೇಯಸ್ಕರ. ಅಭ್ಯರ್ಥಿಯು ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಮೇರೆಗೆ ನೋಡಬಹುದೆಂದು 2011ರಲ್ಲಿಯೇ ನಿರ್ಣಯವಾಗಿದೆ. 2018ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಸಂದರ್ಭದಲ್ಲಿ ಆ ಹಕ್ಕಿಗೆ ಕೆಲವು ಮಿತಿಗಳು ಬಂದವು.

ತಪಾಸಣೆಯ ಹೆಸರಿನಲ್ಲಿ ನಡೆಯುವ ಅತಿರೇಕವೂ ಪ್ರಾಧಿಕಾರದ ದೋಷವೇ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ವೇಳೆ ಬೀದರ್, ಶಿವಮೊಗ್ಗಗಳಲ್ಲಿ ವಿದ್ಯಾರ್ಥಿಗಳ ಜನಿವಾರವನ್ನು ತೆಗೆಯಲು ಹೇಳಿದ ಪ್ರಸಂಗವು ರಾಜ್ಯದಲ್ಲೆಲ್ಲ ಚರ್ಚೆಗೆ ಗುರಿಯಾಯಿತು. ಅದು ಉಪಾಧ್ಯಾಯರ ಪರೀಕ್ಷೆಯಲ್ಲವಾದರೂ ಅದರ ಪಾಠ ಎಲ್ಲ ಪರೀಕ್ಷೆಗಳಿಗೂ ಸಲ್ಲುತ್ತದೆ. ಇಷ್ಟಲಿಂಗವನ್ನು ಕರಡಿಗೆಯಲ್ಲಿ ಧರಿಸಿದ ಅಭ್ಯರ್ಥಿಯ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳಬಹುದು. ಯಾವುದನ್ನು ಧರಿಸಬಹುದು, ಯಾವುದನ್ನು ಗೌರವದಿಂದ ಪರಿಶೀಲಿಸಿ ಒಳಗೆ ಬಿಡಬೇಕು ಎಂಬುದು ಪ್ರವೇಶಪತ್ರದಲ್ಲಿಯೇ ಸ್ಪಷ್ಟವಾಗಿರಬೇಕು. ಬಾಗಿಲಲ್ಲಿ ನಿಂತ ಸಿಬ್ಬಂದಿಯ ವಿವೇಚನೆಗೆ ಬಿಡತಕ್ಕದ್ದಲ್ಲ. ಮೊದಲೇ ತಿಳಿಸದ ನಿಯಮವನ್ನು ಮುರಿದನೆಂದು ಯಾರನ್ನೂ ದೂರಲಾಗದು.

ಕಾನೂನಿನ ಕಟ್ಟು

ಸಂಸತ್ತು ಅಂಗೀಕರಿಸಿದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಅಧಿನಿಯಮವು 2024ರ ಜೂನ್ 21ರಿಂದ ಜಾರಿಗೆ ಬಂದಿತು. ಅದು ಮೂರರಿಂದ ಐದು ವರ್ಷಗಳ ಸೆರೆವಾಸವನ್ನೂ, ಸಂಘಟಿತ ಅಪರಾಧಕ್ಕೆ ಐದರಿಂದ ಹತ್ತು ವರ್ಷಗಳ ಸೆರೆವಾಸದೊಡನೆ ಒಂದು ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನೂ ವಿಧಿಸುತ್ತದೆ. ಅದು ಕೆಲವು ಕೇಂದ್ರೀಯ ಸಂಸ್ಥೆಗಳ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಅಭ್ಯರ್ಥಿಗಳನ್ನು ಆಯಾ ಪ್ರಾಧಿಕಾರದ ನಿಯಮಗಳಿಗೆ ಬಿಟ್ಟು, ಪತ್ರಿಕೆ ಮಾರುವವರನ್ನೂ ಅಕ್ರಮಕ್ಕೆ ನೆರವಾಗುವ ಸಂಸ್ಥೆಗಳನ್ನೂ ಗುರಿಯಾಗಿಸಿಕೊಂಡಿದೆ. ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಗೆ ರಾಜಸ್ಥಾನವು 2022ರಲ್ಲಿಯೂ ಕರ್ನಾಟಕವು 2023ರಲ್ಲಿಯೂ ಪ್ರತ್ಯೇಕ ಅಧಿನಿಯಮಗಳನ್ನು ರಚಿಸಿದವು. ಆದರೆ ಶಿಕ್ಷೆಯು ತಪ್ಪಾದ ಮೇಲಿನ ಮಾತು. ತಪ್ಪಾಗದಂತೆ ನೋಡಿಕೊಳ್ಳುವುದು ಪರೀಕ್ಷಾ ಕೇಂದ್ರದ ಕಾಯಕ.

ಶಾಲೆಗಳಿಗೆ ಒದಗಿದ ಹೊಣೆ

2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಿಂದ ಈ ವಿಷಯವು ಸೇವೆಯಲ್ಲಿರುವವರ ಮನೆಬಾಗಿಲಿಗೂ ಬಂದಿತು. ಶಿಕ್ಷಣ ಹಕ್ಕಿನ ಅಧಿನಿಯಮಕ್ಕೆ ಮೊದಲೇ ನೇಮಕಗೊಂಡು, ನಿವೃತ್ತಿಗೆ ಐದು ವರ್ಷಗಳಿಗಿಂತ ಹೆಚ್ಚು ಅವಧಿಯುಳ್ಳ ಪ್ರಾಥಮಿಕ ಹಂತದ ಉಪಾಧ್ಯಾಯರು ಎರಡು ವರ್ಷಗಳೊಳಗೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕು. ಅದಕ್ಕಿಂತ ಕಡಿಮೆ ಅವಧಿಯುಳ್ಳವರು ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಪರೀಕ್ಷೆಯಿಲ್ಲದೆ ಬಡ್ತಿಯಿಲ್ಲ ಎಂಬುದು ಅದರ ಸಾರ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಲಾಯಿತು. ಇಪ್ಪತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯಿನಿಯೊಬ್ಬಳು ತನ್ನ ಶಿಷ್ಯರ ಜೊತೆಯಲ್ಲಿ ಅದೇ ಬೆಂಚಿನ ಮೇಲೆ ಕುಳಿತು ಬರೆಯಬೇಕಾದ ಸಂದರ್ಭವಿದು. ಇಂಥ ಆತಂಕವೇ ದಲ್ಲಾಳಿಗಳಿಗೆ ಬಂಡವಾಳವಾಗುತ್ತದೆ.

ಆದುದರಿಂದ ವಿದ್ಯಾಸಂಸ್ಥೆಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಮೊದಲನೆಯದಾಗಿ, ಶಿಶುವಿಕಾಸ, ಬೋಧನಾಕ್ರಮ, ಭಾಷೆ, ಗಣಿತ ಮುಂತಾದ ವಿಷಯಗಳಲ್ಲಿ ಸೇವಾನಿರತರಿಗೆ ಸಂಜೆಯ ತರಗತಿಗಳನ್ನು ಏರ್ಪಡಿಸುವುದು. ಅನ್ನದಾಸೋಹ ನಡೆಸುವ ಸಂಸ್ಥೆಗಳಿಗೆ ಈ ಜ್ಞಾನದಾಸೋಹವು ಹೊಸದಲ್ಲ, ದಾನಿಗಳ ನೆರವಿಗೂ ಇದು ಯೋಗ್ಯ ಕ್ಷೇತ್ರ. ಎರಡನೆಯದಾಗಿ, ಶಾಲೆಯು ಪರೀಕ್ಷಾ ಕೇಂದ್ರವಾದಾಗ ಮೊಹರಾದ ಲಕೋಟೆಯನ್ನು ತೆರೆದ ವೇಳೆ, ಹಾಜರಿದ್ದವರ ಸಹಿ, ಆಸನಗಳ ಕ್ರಮ, ನಡೆದ ಪ್ರಸಂಗ ಇವುಗಳನ್ನು ಆ ಕ್ಷಣದಲ್ಲಿಯೇ ಬರೆದಿಡುವುದು. ವಿವಾದವೆದ್ದಾಗ ನೆನಪಿಗಿಂತ ಬರಹವು ಬಲವಾದುದು. ಮೂರನೆಯದಾಗಿ, ಆರೋಪಕ್ಕೊಳಗಾದ ಉಪಾಧ್ಯಾಯನು ನೋಟೀಸಿಗೆ ಸಕಾಲದಲ್ಲಿ ಉತ್ತರ ಕೊಡುವಂತೆ ನೆರವಾಗುವುದು. ತೀರ್ಮಾನವಾಗುವ ಮುನ್ನ ಅವನನ್ನು ಅಪರಾಧಿಯೆಂದು ಎಣಿಸದಿರುವುದು, ದೋಷವು ಸಿದ್ಧವಾದ ಮೇಲೆ ಅವನು ಸಂಸ್ಥೆಯವನೆಂಬ ಮಮತೆಯಿಂದ ಮುಚ್ಚಿಡದಿರುವುದು.

ಕಾಯಕವು ಶುದ್ಧವಾಗಿರಬೇಕೆಂದು ಬೋಧಿಸಿದ ಶರಣರ ನಾಡಿನಲ್ಲಿ ಉಪಾಧ್ಯಾಯನ ಕಾಯಕವು ಪ್ರಮಾಣಪತ್ರ ಪಡೆಯುವ ದಿನದಿಂದಲೇ ಆರಂಭವಾಗುತ್ತದೆ. ಪರೀಕ್ಷೆಯಲ್ಲಿ ಅವನು ಬರೆದ 150 ಉತ್ತರಗಳನ್ನು ಮಕ್ಕಳು ಕಾಣಲಾರರು; ಅವುಗಳನ್ನು ಅವನು ಹೇಗೆ ಬರೆದನೆಂಬುದು ಮಾತ್ರ ಅವನ ಬೋಧನೆಯಲ್ಲಿ ವರ್ಷಗಟ್ಟಲೆ ಉಳಿದು ಬರುತ್ತದೆ.